ಹೋಗುವಾಗ ನೆರಳು ಎಡಕ್ಕೆ

ಭೂಗೋಳ ಕಲಿಸಲು ಹೊಸದಾಗಿ ನೇಮಕಗೊಂಡ ಕೆಲವು ತರುಣ ಶಿಕ್ಷಕರು ಇತ್ತೀಚೆಗೆ ನನ್ನ ಮನೆಗೆ ಬಂದಿದ್ದರು. ಮಕ್ಕಳಿಗೆ ಮೊಟ್ಟಮೊದಲು ಯಾವ ಪರಿಕಲ್ಪನೆಯನ್ನು ಹೇಳಿಕೊಡಬೇಕು ಎಂದು ಕೇಳಿದರು. ದಿಕ್ಕು ಮತ್ತು ಪ್ರಮಾಣ, ಇವೆರಡು ಬಂದರೆ ಉಳಿದದ್ದು ತಾನಾಗಿ ಬರುತ್ತದೆ ಎಂದೆ. ಅವರು ಅದನ್ನು ಬರೆದುಕೊಂಡು, ಚಹಾ ಕುಡಿದು ಹೋದರು. ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಎರಡು ಪದಗಳನ್ನು ನನಗೆ ಕಲಿಸಿಕೊಟ್ಟವರ ಹೆಸರನ್ನೇ ನಾನು ಎತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ಈ ಬರಹ.

ಅವರು ಶರಣಪ್ಪ ಸರ್. ಕಮಲಾಪುರದ ಪ್ರೌಢಶಾಲೆಯಲ್ಲಿ ನನಗಿಂತ ಬಹಳ ಮೊದಲಿನಿಂದ ಭೂಗೋಳ ಕಲಿಸುತ್ತಿದ್ದರು. ಒಂದು ತಲೆಮಾರಿನ ಮಕ್ಕಳಿಗೆ ದಿಕ್ಕು ತೋರಿಸಿಕೊಟ್ಟ ಅವರೇ ಕಡೆಗಾಲದಲ್ಲಿ ತಮ್ಮ ಮನೆಯ ದಾರಿಯನ್ನು ಮರೆಯತೊಡಗಿದರು. ಸಂಜೆ ಹೊತ್ತು ಒಬ್ಬರೇ ನಡೆದುಹೋಗಿ ಒಬ್ಬರೇ ನಡೆದು ಬರುವ ಅಷ್ಟು ಚಿಕ್ಕದೊಂದು ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು ಅವರು ಪಟ್ಟ ಶ್ರಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಭೂಗೋಳದ ಪಾಠ ಮನುಷ್ಯನಿಗೆ ಎಷ್ಟರ ಮಟ್ಟಿಗೆ ಒದಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಅವ್ವ ನಂದೂರಿನ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತಿದ್ದಳು, ಅಪ್ಪ ಅಲ್ಲಿಯೇ ಚೀಲ ಹೊರುತ್ತಿದ್ದ. ನಾನು ಶಿಕ್ಷಕಿಯಾಗಿ ಆಯ್ಕೆಯಾದಾಗ ಕೇರಿಯವರೆಲ್ಲ ಬಂದು ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಹೂವು ಹಾಕಿ ಹೋದರು. ಅವರ ಸಂತೋಷ ಕಂಡು ನನಗೆ ಭಯ ಹೆಚ್ಚಾಯಿತು. ಒಂದು ಶಬ್ದ ತಪ್ಪಿದರೂ ಇಡೀ ಕೇರಿಯೇ ತಪ್ಪಿದಂತೆ ಎಂದುಕೊಂಡಿದ್ದೆ. ಹಾಗಾಗಿ ಪಾಠವನ್ನು ಮೊದಲೇ ಬರೆದು, ಬಾಯಿಪಾಠ ಮಾಡಿಕೊಂಡು ತರಗತಿಗೆ ಹೋಗುತ್ತಿದ್ದೆ. ಪುಸ್ತಕದಲ್ಲಿರುವ ವಾಕ್ಯ ಬದಲಾಗದಂತೆ ಹೇಳಿದರೆ ಯಾರೂ ಬೆರಳು ತೋರಿಸಲಾರರು ಎಂಬ ನಂಬಿಕೆ ನನ್ನದು.

ಆ ನಂಬಿಕೆ ಮೊದಲ ವರ್ಷವೇ ಮುರಿಯಿತು. ವಿಷಯ ಪರಿವೀಕ್ಷಕರು ಶಾಲೆಗೆ ಬಂದರು. ನಾನು ಭಾರತದ ಪ್ರಾಕೃತಿಕ ವಿಭಾಗಗಳನ್ನು ಕಲಿಸುತ್ತಿದ್ದೆ. ಕರಿಹಲಗೆಯ ಮೇಲೆ ನಕ್ಷೆ ತೂಗುಹಾಕಿತ್ತು. ಹಿಮಾಲಯ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಮಕ್ಕಳೆಲ್ಲ ಒಂದೇ ಉಸಿರಿಗೆ ಉತ್ತರಕ್ಕೆ ಎಂದರು. ನನಗೆ ಹೆಮ್ಮೆಯಾಯಿತು. ಪರಿವೀಕ್ಷಕರು ಅಲ್ಲಿಗೆ ಬಿಡಲಿಲ್ಲ.

"ಆ ದಿಕ್ಕಿಗೆ ಕೈ ಮಾಡಿ ತೋರಿಸ್ರಿ ನೋಡೋಣ" ಎಂದರು.

ಇಡೀ ತರಗತಿ ಕೈಯೆತ್ತಿ ಕರಿಹಲಗೆಯ ಕಡೆ ತೋರಿಸಿತು. ಒಬ್ಬಳು ಮಾತ್ರ ಛಾವಣಿಯತ್ತ ಬೆರಳು ಎತ್ತಿದಳು. ನಮ್ಮ ತರಗತಿಯ ಕರಿಹಲಗೆ ಇದ್ದದ್ದು ದಕ್ಷಿಣದ ಗೋಡೆಯ ಮೇಲೆ. ಆ ಗೋಡೆಯ ಆಚೆಗೆ ಕಮಲಾಪುರದ ಕೆಂಪು ಬಾಳೆಯ ತೋಟವಿತ್ತು.

ಪರಿವೀಕ್ಷಕರು ಕಿಟಕಿಯಿಂದ ಇಣುಕಿ ನೋಡಿ, "ಹಿಮಾಲಯ ಬಾಳಿ ತ್ವಾಟದಾಗ ಅದ ಏನ್ರಿ ಅಕ್ಕೋರೆ? ಹಂಗಾರ ನಾ ಹೋಗೂ ಮುಂದ ನೋಡ್ಕೊಂಡೇ ಹೋಗ್ತೀನಿ" ಎಂದರು.

ಮಕ್ಕಳು ನಕ್ಕರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುವುದು ರೂಢಿ. ಅಂದು ಆ ಗೌರವದ ಮಾತೇ ನನಗೆ ಚುಚ್ಚಿದಂತಾಯಿತು. ಶಿಕ್ಷಕರ ಕೊಠಡಿಗೆ ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತೆ. ಮುಖ್ಯೋಪಾಧ್ಯಾಯರಾಗಿದ್ದ ಮೌಲಾಸಾಬ್ ಸರ್, "ಜಾನೇ ದೋ ಮೇಡಂ, ಅವರ ಕೆಲಸಾನೇ ಅದು" ಎಂದು ಸಮಾಧಾನ ಹೇಳಿದರು. ಮರುದಿನ ಶರಣಪ್ಪ ಸರ್ ನನ್ನ ತರಗತಿಗೆ ತಾವೇ ಬಂದು, ಗೋಡೆಯ ಮೇಲಿನ ನಕ್ಷೆಯನ್ನು ಬಿಚ್ಚಿ ಬಗಲಲ್ಲಿ ಇಟ್ಟುಕೊಂಡು ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದೊಯ್ದರು. ನಕ್ಷೆಯನ್ನು ನೆಲದ ಮೇಲೆ ಹಾಸಿ, ಅದರ ತಲೆಯನ್ನು ನಿಜವಾದ ಉತ್ತರ ದಿಕ್ಕಿಗೆ ತಿರುಗಿಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟರು.

"ನಕ್ಷಾ ಗ್ವಾಡಿ ಮ್ಯಾಲಿನ ವಸ್ತು ಅಲ್ಲ. ನೆಲದ ವಸ್ತು. ನೆಲದ ಮ್ಯಾಲೇ ಇಡಬೇಕು. ಈಗ ಹೇಳ್ರಿ, ಹಿಮಾಲಯ ಎಲ್ಲದ?"

ಮಕ್ಕಳು ಹುಮನಾಬಾದ ರಸ್ತೆಯನ್ನೂ ದಾಟಿ ದೂರಕ್ಕೆ ಕೈ ಚಾಚಿದರು. ಒಬ್ಬೊಬ್ಬರಿಗೂ ಸರ್, "ಸರಿ ಅದ. ಕುಂದ್ರು" ಎಂದರು. ಸರಿಯಾಗಿ ಹೇಳಿದ ಮಗುವಿಗೆ ಅವರು ಕೊಡುತ್ತಿದ್ದ ಬಹುಮಾನ ಅದೊಂದೇ ಮಾತು. ಶಭಾಸ್, ಜಾಣ ಎಂದೆಲ್ಲ ಹೇಳುತ್ತಿರಲಿಲ್ಲ. ಅಷ್ಟನ್ನು ಕೇಳಲು ಮಕ್ಕಳು ತುದಿಗಾಲಲ್ಲಿ ನಿಲ್ಲುತ್ತಿದ್ದರು. ನಾನು ಸಹೋದ್ಯೋಗಿ, ನನ್ನನ್ನು ಅವರು ಕುಳ್ಳಿರಿಸುವ ಪ್ರಶ್ನೆಯೇ ಇರಲಿಲ್ಲ. ಆದರೂ ಆ ಮಾತು ನನಗೂ ಸಿಗಲಿ ಎಂದು ಒಳಗೊಳಗೇ ಆಸೆಪಟ್ಟದ್ದು ನಿಜ.

ಅಂದಿನಿಂದ ನಮ್ಮ ಶಾಲೆಯಲ್ಲಿ ನಕ್ಷೆಯ ಪಾಠವೆಂದರೆ ಅಂಗಳದ ಪಾಠ ಎಂದಾಯಿತು. ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯುವುದು, ದಿಕ್ಕಿಗೆ ಸರಿಯಾಗಿ ಬರೆಯುವುದು, ಮಕ್ಕಳು ಅದರೊಳಗೆ ನಡೆದಾಡುವುದು. ಹೊಸ ಶಿಕ್ಷಕರೇ, ನಿಮ್ಮ ತರಗತಿಯಲ್ಲಿ ಈಗ ಗೋಡೆಯಷ್ಟು ದೊಡ್ಡ ಪರದೆ ಇದೆ, ಬೆರಳು ತಾಗಿಸಿದರೆ ಭೂಮಿ ತಿರುಗುತ್ತದೆ. ಅದು ಬಹಳ ಚೆನ್ನಾಗಿದೆ, ನಾನೂ ಕಡೆಯ ವರ್ಷಗಳಲ್ಲಿ ಅದರಿಂದಲೇ ಪಾಠ ಮಾಡಿದೆ. ಆದರೆ ಆ ಪರದೆ ಯಾವ ಗೋಡೆಯ ಮೇಲಿದೆ ಎಂಬುದನ್ನು ಒಮ್ಮೆ ನೋಡಿಕೊಳ್ಳಿ ಎಂದು ವಿನಂತಿಸುತ್ತೇನೆ.

ನಾವಿಬ್ಬರೂ ಕಲಬುರಗಿಯಿಂದ ಒಂದೇ ಬಸ್ಸಿಗೆ ಹೋಗಿ ಬರುತ್ತಿದ್ದೆವು. ಸರ್ ಮನೆ ಶಹಾಬಜಾರದ ಓಣಿಯಲ್ಲಿ. ಪತ್ನಿ ಬೇಗ ತೀರಿಕೊಂಡಿದ್ದರು. ಮಗಳು ಅಂಬಿಕಾ ಆಗ ಕಾಲೇಜಿನಲ್ಲಿದ್ದಳು, ಮುಂದೆ ನಗರದ ಒಂದು ಕಚೇರಿಯಲ್ಲಿ ನೌಕರಿಗೆ ಸೇರಿದಳು. ಬಸ್ಸಿನ ಕಿಟಕಿಯೇ ನಮಗೆ ಪಠ್ಯಪುಸ್ತಕ. ನಗರ ಬಿಟ್ಟ ಮೇಲೆ ಎರಡೂ ಕಡೆ ಎರೆಮಣ್ಣು, ತೊಗರಿ. ಕಮಲಾಪುರ ಹತ್ತಿರವಾದಂತೆ ಕರಿ ಬಣ್ಣ ಹಿಂದೆ ಸರಿದು ಜಂಬಿಟ್ಟಿಗೆಯ ಕೆಂಪು ತೋರುತ್ತದೆ. ಬಣ್ಣ ಬದಲಾಗುವ ತಿರುವಿನಲ್ಲಿ ಸರ್ ಮಾತು ನಿಲ್ಲಿಸಿ ಹೊರಗೆ ನೋಡುತ್ತಿದ್ದರು.

"ಇದರ ಸಲುವಾಗಿ ಬಾಳಿಹಣ್ಣು ಇಲ್ಲಿ ಕೆಂಪ ಆಗ್ತಾವಂತ ಮಂದಿ ತಿಳ್ಕೊಂಡಾರ" ಎಂದು ನಗುತ್ತಿದ್ದರು. "ಮಣ್ಣಿನ ಬಣ್ಣ ಹಣ್ಣಿಗಿ ಹತ್ತೂದಿಲ್ರಿ ಅಕ್ಕೋರೆ. ಅದು ತಳೀನೇ ಬ್ಯಾರೆ. ಮಣ್ಣು ಆ ತಳಿಗಿ ಜಾಗಾ ಕೊಟ್ಟದ, ಅಷ್ಟ."

ಇನ್ನೊಂದು ಜೂನ್ ತಿಂಗಳ ಮಾತು. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ನಾನು ಪುಸ್ತಕದಲ್ಲಿದ್ದಂತೆ ಹೇಳಿದೆ. ಅಂಗಳದಲ್ಲಿ ಕೋಲು ನೆಟ್ಟು ತೋರಿಸಲು ಹೋದರೆ ಗೇಣುದ್ದದ ನೆರಳು ತುಸು ದಕ್ಷಿಣಕ್ಕೆ ಬಿದ್ದಿತ್ತು! ಕೋಲು ವಾರೆಯಾಗಿದೆ ಎಂದು ಮತ್ತೆ ನೆಟ್ಟೆ. ನೆರಳು ಮತ್ತೆ ಅಲ್ಲಿಯೇ. ಸರ್ ಬಂದು ನೋಡಿ ಮಗುವಿನಂತೆ ಸಂತೋಷಪಟ್ಟರು. ನಮ್ಮ ಊರು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕಿದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ನೆರಳು ದಕ್ಷಿಣಕ್ಕೆ ಬೀಳುವುದೇ ಸರಿ.

"ನೆರಳು ಸುಳ್ಳು ಹೇಳೂದಿಲ್ಲ" ಎಂದರು ಸರ್. "ಆದ್ರ ಅದನ್ನ ಓದೂ ಮುಂದ ಯಾವ ತಿಂಗಳು, ಯಾವ ಹೊತ್ತು ಅಂತ ಮೊದಲ ಕೇಳ್ಕೋಬೇಕು."

ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಮಾನವ ಭೂಗೋಳದ ಪಾಠದಲ್ಲಿ ಜನವಸತಿಗಳ ವಿಧಗಳು ಎಂಬ ಅಧ್ಯಾಯವಿತ್ತು. ಕೇಂದ್ರೀಕೃತ, ರೇಖಾತ್ಮಕ, ಚದುರಿದ. ಸರ್ ಈ ಪಾಠವನ್ನು ಪುಸ್ತಕದಿಂದ ಆರಂಭಿಸುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಊರಿನ ನಕ್ಷೆ ಬರೆದು ತರಬೇಕು. ಒಮ್ಮೆ ಸುತ್ತಲಿನ ಹಳ್ಳಿಯಿಂದ ಬರುತ್ತಿದ್ದ ರೇಣುಕಾ ಎಂಬ ಹುಡುಗಿ ಬಹಳ ಚೆಂದದ ನಕ್ಷೆ ತಂದಿದ್ದಳು. ಗುಡಿ, ಬಾವಿ, ಗೌಡರ ಮನೆ, ಹಿಟ್ಟಿನ ಗಿರಣಿ, ಎಲ್ಲಕ್ಕೂ ಸಂಕೇತ. ಒಂದು ಬದಿಗೆ ಹಳ್ಳ ಹರಿದಿತ್ತು, ಅಲ್ಲಿಗೆ ಊರು ಮುಗಿದಿತ್ತು. ನಾನು ಹಿಂದಿನ ಬೆಂಚಿನ ಪಕ್ಕ ನಿಂತು ನೋಡುತ್ತಿದ್ದೆ.

"ಹಳ್ಳದ ಆಚಿಗಿ ಏನದವ್ವ?" ಎಂದು ಕೇಳಿದರು ಸರ್.

"ಅಲ್ಲಿಗಿ ಹಾಳಿ ಮುಗದದ ರೀ ಸರ್."

ಮಕ್ಕಳು ಕಿಸಕ್ಕನೆ ನಕ್ಕರು.

"ಹಾಳಿ ಮುಗದದ. ಊರ ಮುಗದಿಲ್ಲಲ್ಲ?"

"ಅಲ್ಲಿ ಕೇರಿ ಅದರಿ" ಎಂದಳು ಅವಳು, ದನಿ ತಗ್ಗಿಸಿ.

ಕೇರಿಯ ಮಕ್ಕಳು ತಲೆ ಬಗ್ಗಿಸಿದ್ದರು. ಕೇರಿಯಿಂದಲೇ ಬಂದ ನಾನೂ ನೆಲ ನೋಡಿದೆ. ಸರ್ ನನ್ನತ್ತ ತಿರುಗಿಯೂ ನೋಡಲಿಲ್ಲ. ಹಾಗೆ ನೋಡದೆ ಇದ್ದದ್ದಕ್ಕೆ ನಾನು ಇಂದಿಗೂ ಅವರಿಗೆ ಋಣಿ. ಅವರು ರೇಣುಕಾಳ ಬಳಿ ಹೋಗಿ ಮೆಲ್ಲಗೆ ಹೇಳಿದರು:

"ಹಾಳಿ ಸಾಲದಿದ್ರ ಪ್ರಮಾಣ ಸಣ್ಣದ ಮಾಡಬೇಕು. ಒಂದು ಗೇಣಿನಾಗ ಬರದದ್ದು ನಾಲ್ಕು ಬೆರಳಿನಾಗ ಬರಿ. ಯಾರ ಮನಿನೂ ಹಾಳಿ ಹೊರಗ ಉಳೀಬಾರದು."

ರೇಣುಕಾ ಜಾಣೆ. ಕೂಡಲೇ ಕೇಳಿದಳು: "ಇನ್ನೂ ಸಣ್ಣದ ಮಾಡಿದ್ರ ಏನಾಗ್ತದ ರೀ?"

"ಆವಾಗ ಮನಿ ಕಾಣೂದಿಲ್ಲ. ಊರ ಒಂದು ಚುಕ್ಕಿ ಆಗ್ತದ."

"ಹಂಗಾರ ನಮ್ಮ ಮನಿ ಇಲ್ಲಂತ ಆತೇನ್ರಿ?"

"ಇಲ್ಲಂತ ಅಲ್ಲ. ಮನಿ ಇರ್ತದ. ಆ ಪ್ರಮಾಣಕ್ಕ ಕಾಣೂದಿಲ್ಲ, ಅಷ್ಟ."

ಪ್ರಮಾಣ ಎಂದರೆ ನಕ್ಷೆಯ ಮೇಲಿನ ದೂರಕ್ಕೂ ನೆಲದ ಮೇಲಿನ ದೂರಕ್ಕೂ ಇರುವ ಅನುಪಾತ. ಪರೀಕ್ಷೆಗೆ ಇಷ್ಟು ಬರೆದರೆ ಪೂರ್ಣ ಅಂಕ ಸಿಗುತ್ತದೆ. ನಾನೂ ಹಾಗೆಯೇ ಬರೆದು ಅಂಕ ಪಡೆದವಳು. ಅದರ ಅರ್ಥ ನನಗೆ ಆದದ್ದು ಆ ದಿನ, ಹಿಂದಿನ ಬೆಂಚಿನ ಪಕ್ಕದಲ್ಲಿ.

ಸರ್ ಸೇವೆಯ ಕೊನೆಯ ವರ್ಷ. ಒಂದು ದಿನ ಅಂಗಳದಲ್ಲಿ ಅವರ ಪಾಠ ನಡೆದಿತ್ತು. ಅವರು ನೆಲದ ಮೇಲೆ ಕರ್ನಾಟಕದ ನಕ್ಷೆ ಬರೆದಿದ್ದರು. ಗೆರೆ ಎಂದಿನಂತೆ ಸುಂದರವಾಗಿತ್ತು. ಆದರೆ ನಕ್ಷೆಯ ತಲೆ ಪಶ್ಚಿಮಕ್ಕೆ ತಿರುಗಿತ್ತು. ಬೀದರ ಜಿಲ್ಲೆ ಸೂರ್ಯ ಮುಳುಗುವ ಕಡೆ ಹೋಗಿ ಕುಳಿತಿತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಸರ್ ಬೀದರದ ಮೇಲೆ ಕಾಲಿಟ್ಟು ನಿಂತು ಯಾವುದೋ ಅನುಮಾನದಿಂದ ಆಕಾಶ ನೋಡಿದರು. ಸೂರ್ಯನನ್ನು ನೋಡಿದರು. ಆಮೇಲೆ ತಮ್ಮ ಗೆರೆಯನ್ನು ನೋಡಿದರು. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, "ಸರ್, ನೆಲ ಅಲ್ಲಿ ತಗ್ಗದ ರೀ, ಈ ಕಡಿ ಬರಕೋತೀವಿ" ಎಂದು ಹೇಳಿ, ಗೆಳತಿಯರನ್ನು ಕರೆದು ಇಡೀ ನಕ್ಷೆಯನ್ನು ಅಳಿಸಿ ಸರಿಯಾದ ದಿಕ್ಕಿಗೆ ಬರೆದುಬಿಟ್ಟಳು. ನೆಲ ತಗ್ಗಿರಲಿಲ್ಲ. ಅದು ಸರ್‌ಗೂ ಗೊತ್ತಾಯಿತು. ಸಂಜೆ ಬಸ್ಸಿನಲ್ಲಿ ಮಣ್ಣಿನ ಬಣ್ಣ ಬದಲಾಗುವ ತಿರುವು ಬಂದಾಗ ಅವರು ಹೊರಗೆ ನೋಡಲಿಲ್ಲ.

ಅವರು ನಿವೃತ್ತರಾದರು. ಕೆಲವು ವರ್ಷಗಳ ನಂತರ ನನಗೂ ಕಲಬುರಗಿ ನಗರದ ಶಾಲೆಗೆ ವರ್ಗವಾಯಿತು. ಮೌಲಾಸಾಬ್ ಸರ್ ಆಗ ಸೂಪರ್ ಮಾರ್ಕೆಟ್ ಹತ್ತಿರ ಮಗನ ಮನೆಯಲ್ಲಿದ್ದರು. ಮೊಣಕಾಲು ನೋವಿನಿಂದ ಅವರು ಬಹಳ ದೂರ ನಡೆಯುವಂತಿರಲಿಲ್ಲ. ಹಾಗಾಗಿ ಶರಣಪ್ಪ ಸರ್ ದಿನಾಲೂ ಸಂಜೆ ಶಹಾಬಜಾರದಿಂದ ನಡೆದುಹೋಗಿ, ಒಂದು ಬಟ್ಟೆ ಅಂಗಡಿಯ ಪಕ್ಕದ ಚಹಾದ ಅಂಗಡಿಯಲ್ಲಿ ಅವರೊಂದಿಗೆ ಕುಳಿತು ಬರುತ್ತಿದ್ದರು. ಇಬ್ಬರೂ ಜಗಳವಾಡದ ದಿನವಿರಲಿಲ್ಲ. ಒಮ್ಮೆ ನಾನು ಸೀರೆ ಕೊಳ್ಳಲು ಹೋದಾಗ ಅಲ್ಲಿಯೇ ಸಿಕ್ಕರು.

"ನೋಡ್ರಿ ಮೇಡಂ" ಎಂದು ಮೌಲಾಸಾಬ್ ಸರ್ ದೂರಿದರು, "ಚಾದ ಕಪ್ಪಿನ ಹಿಡಕಿ ದಕ್ಷಿಣಕ್ಕ ಅದ ಅಂತಾನ ಇವ. ಆರಾಮ್ ಸೇ ಚಾ ಕುಡಿಲಾಕೂ ಬಿಡೂದಿಲ್ಲ."

"ನಲವತ್ತು ವರ್ಷ ಹೆಡ್ ಮಾಸ್ತರಕಿ ಮಾಡಿ ಇವನಿಗಿ ತನ್ನ ಕುರ್ಚಿ ಯಾವ ದಿಕ್ಕಿಗಿತ್ತಂತ ಗೊತ್ತಿಲ್ಲ."

"ನಲವತ್ತೆಲ್ಲಿ ಮಾಡೀನೋ? ಲೆಕ್ಕಾನೂ ಮರತ್ಯಾ?"

ಇಬ್ಬರೂ ನಕ್ಕರು. ಆದರೆ ಮೌಲಾಸಾಬ್ ಸರ್ ನನ್ನನ್ನು ಒಂದು ಕ್ಷಣ ಬೇರೆ ರೀತಿ ನೋಡಿದರು.

ಮುಂದಿನ ಮಳೆಗಾಲದ ಹೊತ್ತಿಗೆ ಅಂಬಿಕಾ ಫೋನ್ ಮಾಡಿದಳು. ಅಪ್ಪ ಎರಡು ಸಲ ದಾರಿ ತಪ್ಪಿದ್ದರು. ಒಮ್ಮೆ ಆಟೋದವರು ಕರೆತಂದು ಬಿಟ್ಟರಂತೆ. ವೈದ್ಯರು ಮರೆವಿನ ಕಾಯಿಲೆ ಎಂದು ಹೇಳಿದ್ದರು. ಮಾತ್ರೆ ಇದೆ, ಹೋದ ನೆನಪು ಹಿಂದಕ್ಕೆ ಬರುವುದಿಲ್ಲ ಎಂದಿದ್ದರು. ನಾನು ಹೋದಾಗ ಅವಳು ಅಂಗಳದ ಹೊರಬಾಗಿಲಿಗೆ ಹೊಸ ಬೀಗ ತಂದಿಟ್ಟಿದ್ದಳು. ಸರ್ ಅಂಗಳದಲ್ಲಿ ಚಪ್ಪಲಿ ಹಾಕಿಕೊಂಡು ಸಿದ್ಧರಾಗಿ ಕುಳಿತಿದ್ದರು.

"ನನಗ ಆಫೀಸ್ ಬಿಟ್ಟು ಮನ್ಯಾಗ ಕೂಡ್ಲಾಕ ಆಗೂದಿಲ್ಲಕ್ಕಾ" ಎಂದಳು ಅಂಬಿಕಾ. ಕಣ್ಣಲ್ಲಿ ನೀರಿತ್ತು, ಮಾತು ಗಟ್ಟಿಯಾಗಿತ್ತು. "ಫೋನ್ ಕೊಟ್ಟೀನಿ, ಎಲ್ಲಿದ್ದಾರ ಅಂತ ತೋರಸ್ತದ. ಅದನ್ನ ಗ್ವಾಡಿ ಮಾಡದಾಗ ಇಟ್ಟು ಹೋಗ್ತಾರ."

"ಅದು ನಾ ಎಲ್ಲಿದ್ದೀನಿ ಅಂತ ನಿನಗ ಹೇಳ್ತದ. ನನಗೇನ ಹೇಳ್ತದ?" ಎಂದರು ಸರ್. ನಂತರ ನನ್ನ ಕಡೆ ತಿರುಗಿ, "ಅಕ್ಕೋರೆ, ಮೌಲಾ ಕಾಯಕತ್ತಿರ್ತಾನ. ಅವನ ಮೊಣಕಾಲು ಬರೂದಿಲ್ಲ. ನಾ ಹೋಗಬೇಕು. ನೀವರೆ ಹೇಳ್ರಿ ಇಕಿಗಿ" ಎಂದರು.

ಅಷ್ಟರಲ್ಲಿ ಸರ್ ಎದ್ದು ನಿಂತು, ತಮ್ಮ ನೆರಳನ್ನೇ ನೋಡತೊಡಗಿದರು. ಸಂಜೆಯ ಬಿಸಿಲು ಓಣಿಯಿಂದ ಅಂಗಳಕ್ಕೆ ಬಿದ್ದಿತ್ತು. ಅವರ ಮುಖ ಒಮ್ಮೆಲೇ ಬೆಳಗಿತು. ಹಳೆಯ ಶರಣಪ್ಪ ಸರ್ ಮರಳಿ ಬಂದಂತಾಯಿತು.

"ಸೂಪರ್ ಮಾರ್ಕೆಟ್ ನಮ್ಮ ಮನಿಗಿ ದಕ್ಷಿಣಕ್ಕದ. ಸಂಜೀಕ ಸೂರ್ಯ ಪಶ್ಚಿಮಕ್ಕ, ನೆರಳು ಪೂರ್ವಕ್ಕ. ಅಂದ್ರ ಹೋಗೂ ಮುಂದ ನೆರಳು ನನ್ನ ಎಡಕ್ಕ ಇರಬೇಕು. ಬರೂ ಮುಂದ ಬಲಕ್ಕ. ಓಣಿ ಎಷ್ಟರೆ ತಿರುಗಲಿ, ಹೆಸರು ಮರೀಲಿ, ನೆರಳು ಎಲ್ಲಿಗಿ ಹೋಗ್ತದ?"

ಅಂಬಿಕಾ ನನ್ನನ್ನು ನೋಡಿದಳು. ನಾನು ಸರಿಯಿದೆ ಎಂದು ತಲೆಯಾಡಿಸಿದೆ. ಬೀಗ ಅಂದು ಹಾಕಲಿಲ್ಲ. ಒಂದು ವಾರ ನಾನು ಶಾಲೆ ಮುಗಿಸಿ ಬಂದು ಅವರ ಹಿಂದೆ ಸ್ವಲ್ಪ ದೂರ ಬಿಟ್ಟು ನಡೆದೆ. ಓಣಿಯ ತಿರುವಿನಲ್ಲಿ ಅವರು ನಿಲ್ಲುತ್ತಿದ್ದರು. ಬಾಯಲ್ಲಿ ಏನೋ ಗುನುಗುತ್ತಿದ್ದರು. ನೆಲ ನೋಡಿ, ಎಡಗೈಯನ್ನು ತುಸು ಎತ್ತಿ, ನೆರಳಿನ ಮೇಲೆ ಹಿಡಿದು, ಮತ್ತೆ ನಡೆಯುತ್ತಿದ್ದರು. ಅಂಗಡಿಯವರಿಗೆ ಅದು ವಿಚಿತ್ರವಾಗಿ ಕಂಡಿರಬಹುದು. ಅಂಗಳದ ಪಾಠವನ್ನು ಇಷ್ಟು ಶ್ರದ್ಧೆಯಿಂದ ಕಲಿತ ವಿದ್ಯಾರ್ಥಿಯನ್ನು ನಾನು ಕಂಡಿರಲಿಲ್ಲ.

ಅವರು ತಪ್ಪದೆ ಮುಟ್ಟಿದರು, ತಪ್ಪದೆ ಮರಳಿದರು. ಮೋಡದ ದಿನ ಹೋಗಬಾರದು ಎಂಬ ನಿಯಮವನ್ನೂ ತಾವೇ ಮಾಡಿಕೊಂಡರು. ಆ ಚಳಿಗಾಲದವರೆಗೂ ಚಹಾದ ಅಂಗಡಿಯ ಜಗಳ ನಡೆಯಿತು.

ಚಳಿಗಾಲದ ಒಂದು ಬೆಳಿಗ್ಗೆ ಅಂಬಿಕಾ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಸರ್ ತಿಂಡಿ ತಿಂದು ಸ್ವಲ್ಪ ಮಲಗಿ ಎದ್ದಿದ್ದರು. ಎದ್ದವರಿಗೆ ಅಂಗಳದಲ್ಲಿ ವಾರೆಯಾಗಿ ಬಿದ್ದ ಬಿಸಿಲು ಕಂಡಿತು. ಸಂಜೆಯಾಯಿತು, ಮೌಲಾ ಕಾಯುತ್ತಿದ್ದಾನೆ ಎಂದುಕೊಂಡರು. ಚಪ್ಪಲಿ ಮೆಟ್ಟಿ ಹೊರಟರು. ಅವಳು ಬಚ್ಚಲಿನಿಂದ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು.

ನನಗೆ ಫೋನ್ ಬಂದಾಗ ಪ್ರಾರ್ಥನೆ ಮುಗಿದಿತ್ತು. ರಜೆ ಹಾಕಿ ಸೂಪರ್ ಮಾರ್ಕೆಟ್‌ಗೆ ಓಡಿದೆ. ಅವರು ಬಂದಿರಲಿಲ್ಲ. ಮೌಲಾಸಾಬ್ ಸರ್ ಮೊಣಕಾಲು ಹಿಡಿದುಕೊಂಡೇ ಮಗನ ಸ್ಕೂಟರಿನ ಹಿಂದೆ ಕುಳಿತು ಓಣಿ ಓಣಿ ತಿರುಗಿದರು. ದಾರಿಯಲ್ಲಿ ಸಿಕ್ಕವರನ್ನೆಲ್ಲ "ಶರಣಪ್ಪನ ನೋಡಿರೇನ್ರಿ?" ಎಂದು ಕೇಳುತ್ತಿದ್ದರು, ಇಡೀ ಊರಿಗೆ ಶರಣಪ್ಪ ಒಬ್ಬನೇ ಎಂಬಂತೆ. ನಾವೆಲ್ಲ ಹುಡುಕಿದ್ದು ದಕ್ಷಿಣದಲ್ಲಿ. ಮಧ್ಯಾಹ್ನವಾಯಿತು. ನಾನು ಒಂದು ಅಂಗಡಿಯ ಮುಂದೆ ನಿಂತು ನನ್ನ ಕಾಲಬುಡದ ನೆರಳನ್ನು ನೋಡಿದೆ. ಯಾವ ತಿಂಗಳು, ಯಾವ ಹೊತ್ತು ಎಂದು ಮೊದಲು ಕೇಳಿಕೊಳ್ಳಬೇಕು ಎಂದಿದ್ದರು. ಆಗ ಹೊಳೆಯಿತು. ಬೆಳಿಗ್ಗೆ ನೆರಳು ಪಶ್ಚಿಮಕ್ಕೆ ಬೀಳುತ್ತದೆ. ನೆರಳನ್ನು ಎಡಕ್ಕೆ ಇಟ್ಟುಕೊಂಡು ಬೆಳಿಗ್ಗೆ ನಡೆದವನು ಉತ್ತರಕ್ಕೆ ಹೋಗುತ್ತಾನೆ. ಸರ್ ನಿಯಮವನ್ನು ಎಳ್ಳಷ್ಟೂ ಮೀರಿರಲಿಲ್ಲ. ದಿಕ್ಕು ತಪ್ಪಿರಲಿಲ್ಲ, ಹೊತ್ತು ತಪ್ಪಿತ್ತು.

ಅಂಬಿಕಾಳನ್ನು ಕರೆದುಕೊಂಡು ಆಟೋದಲ್ಲಿ ಹುಮನಾಬಾದ ರಸ್ತೆಗೆ ಹೋದೆ. ಊರು ಮುಗಿಯುವಲ್ಲಿ, ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವ ಹೆಂಗಸಿನ ತಳ್ಳುಗಾಡಿಯ ನೆರಳಿನಲ್ಲಿ ಅವರು ಕುಳಿತಿದ್ದರು. ಒಂದು ಚಪ್ಪಲಿ ಇರಲಿಲ್ಲ. ಹಿಮ್ಮಡಿ ಒಡೆದು ರಕ್ತ ಒಸರಿತ್ತು.

"ನಿಮ್ಮ ಮಂದಿ ಏನ್ರಿ? ಮುಂಜಾನಿಂದ ಕುಂತಾರ" ಎಂದಳು ಆಕೆ. "ಎಲ್ಲಿಗಿ ಹೋಗಬೇಕ್ರಿ ಅಜ್ಜಾ ಅಂದ್ರ ಮೌಲಾನ ಹತ್ರ ಅಂತಾರ. ಬಿಸಲ ಏರಿ ನೆರಳು ಸಣ್ಣದ ಆತು, ಮುಂದ ದಾರಿ ಕಾಣವಲ್ದು ಅಂದ್ರು. ನನಗ ತಿಳೀಲಿಲ್ರಿ. ಎರಡು ಹಣ್ಣು ಕೊಟ್ಟೀನಿ, ತಿಂದಾರ."

ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಸರ್ ನನ್ನನ್ನು ಕಂಡು ಎದ್ದರು. ಮುಖದಲ್ಲಿ ನಾಚಿಕೆಯಿತ್ತು. ಅಷ್ಟು ವರ್ಷಗಳಲ್ಲಿ ಅವರ ಮುಖದಲ್ಲಿ ನಾನು ಕಾಣದಿದ್ದ ನಾಚಿಕೆ.

"ಅಕ್ಕೋರೆ, ನೆರಳು ಎಡಕ್ಕೇ ಇತ್ರಿ" ಎಂದರು.

"ಹೌದ್ರಿ ಸರ್" ಎಂದೆ. "ನೀವು ಸರೀನೇ ನಡದೀರಿ."

ಅಂದು ಸಂಜೆ ಬೀಗ ಬಿತ್ತು. ಅಂಬಿಕಾಳನ್ನು ಯಾರೂ ದೂರುವಂತಿಲ್ಲ, ನಾನು ಅವಳ ಸ್ಥಾನದಲ್ಲಿದ್ದರೂ ಹಾಕುತ್ತಿದ್ದೆ. ಹಗಲಿಗೆ ಒಬ್ಬ ಆಯಾಳನ್ನು ಗೊತ್ತು ಮಾಡಿದಳು. ಮೌಲಾಸಾಬ್ ಸರ್ ಆಟೋ ಮಾಡಿಕೊಂಡು ಕೆಲವು ಸಲ ಬಂದರು. ಶರಣಪ್ಪ ಸರ್ ಅವರನ್ನು ಕೂಡಿಸಿ, ಚಹಾ ಕೊಟ್ಟು, "ತಡಾ ಆತ್ರಿ, ನಾ ಮೌಲಾನ ಕಡಿ ಹೋಗಬೇಕು" ಎಂದು ಅವರ ಎದುರಿಗೇ ಏಳುತ್ತಿದ್ದರು. ಮೌಲಾಸಾಬ್ ಸರ್ ಮೂರನೆಯ ಸಲ ಓಣಿಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಮತ್ತೆ ಬರಲು ಅವರಿಂದ ಆಗಲಿಲ್ಲ.

ಸಂಜೆಯಾದರೆ ಸರ್ ಬಾಗಿಲಿನ ಮುಂದೆ ನಿಂತು ಬೀಗವನ್ನು ಅಲ್ಲಾಡಿಸುತ್ತಿದ್ದರು. ಆ ಸದ್ದನ್ನು ತಾಳಲಾರದೆ ಒಂದು ಭಾನುವಾರ ನಾನು ಅಂಗಳದ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಿಂದ ನಕ್ಷೆ ಬರೆದೆ. ದಿಕ್ಕಿಗೆ ಸರಿಯಾಗಿ. ಇಲ್ಲಿ ಮನೆ, ಇಲ್ಲಿ ಓಣಿಯ ತಿರುವು, ಇಲ್ಲಿ ಚಹಾದ ಅಂಗಡಿ. ಸರ್ ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಮನೆಯ ಗುರುತಿನ ಮೇಲೆ ನಿಂತು, ಎಡಗೈಯನ್ನು ನೆರಳಿನ ಮೇಲೆ ಹಿಡಿದು ನಡೆದರು. ಚಹಾದ ಅಂಗಡಿಯ ಮೇಲೆ ಕುಳಿತರು. ಕೊಂಚ ಹೊತ್ತಿನ ಬಳಿಕ ಎದ್ದು, ನೆರಳನ್ನು ಬಲಕ್ಕೆ ಇಟ್ಟುಕೊಂಡು ಮರಳಿ ಬಂದರು.

"ಮುಟ್ಟಿ ಬಂದೆ ನೋಡವ್ವ" ಎಂದು ಮಗಳಿಗೆ ಹೇಳಿದರು.

ಅಂಬಿಕಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ಅಷ್ಟು ಜಾಗವನ್ನು ಬಿಟ್ಟು ಹಾಕತೊಡಗಿದಳು. ಗೆರೆ ಮಾಸಿದರೆ ತಾನೇ ತೀಡುತ್ತಿದ್ದಳು. ಸರ್ ದಿನಾಲೂ ಸಂಜೆ ಹೋಗಿ ಬಂದರು.

ನಾನು ನಿವೃತ್ತಳಾದ ವರ್ಷ ಒಂದು ಸಂಜೆ ಹೋದಾಗ ಅವರು ನಕ್ಷೆಯನ್ನು ದಾಟಿ, ಈಶಾನ್ಯದ ಮೂಲೆಯಲ್ಲಿದ್ದ ಹೊರಬಾಗಿಲಿನ ಬಳಿ ನಿಂತಿದ್ದರು. ಬೀಗವನ್ನು ಮುಟ್ಟಿರಲಿಲ್ಲ. ನನ್ನ ಗುರುತು ಆಗ ಅವರಿಗೆ ಇರಲಿಲ್ಲ.

"ಕಮಲಾಪುರ ಇದರ ಆಚಿಗಿ ಬರ್ತದ" ಎಂದರು. "ಸಾಲಿಗಿ ಹೋಗಬೇಕು. ಅಂಗಳ ಸಾಲವಲ್ದು."

ಅವರು ನನ್ನನ್ನೇ ನೋಡುತ್ತಿದ್ದರು, ತರಗತಿಯಲ್ಲಿ ಮಗುವಿಗೆ ಯೋಚಿಸಲು ಹೊತ್ತು ಕೊಡುವಂತೆ. ಆಮೇಲೆ ತಾವೇ ಹೇಳಿದರು:

"ಪ್ರಮಾಣ ಸಣ್ಣದ ಮಾಡು."

ನಾನು ಒದ್ದೆ ಬಟ್ಟೆ ತಂದು ಓಣಿ, ತಿರುವು, ಚಹಾದ ಅಂಗಡಿ ಎಲ್ಲವನ್ನೂ ಒರೆಸಿದೆ. ಅಂಬಿಕಾ ಒಳಬಾಗಿಲ ಬಳಿ ನಿಂತು ನೋಡಿದಳು, ಬೇಡ ಎನ್ನಲಿಲ್ಲ. ನೈರುತ್ಯದ ಮೂಲೆಯಲ್ಲಿ ಕಲಬುರಗಿಗೆ ಒಂದು ಚುಕ್ಕಿ ಇಟ್ಟೆ. ಅಲ್ಲಿಂದ ಹುಮನಾಬಾದ ರಸ್ತೆಯನ್ನು ಎಳೆದು ಬಾಗಿಲಿನ ಈಚೆಗೇ ಕಮಲಾಪುರದ ಚುಕ್ಕಿ ಇಟ್ಟೆ. ಎರೆಮಣ್ಣು ಮುಗಿದು ಕೆಂಪು ಮಣ್ಣು ತೊಡಗುವಲ್ಲಿ ಒಂದು ಅಡ್ಡಗೆರೆ ಎಳೆದೆ. ಸರ್ ಕಲಬುರಗಿಯಿಂದ ನಡೆಯುತ್ತ ಆ ಅಡ್ಡಗೆರೆಯ ಬಳಿ ಬಂದಾಗ ನಿಂತು, ತಲೆ ತಿರುಗಿಸಿ ಹೊರಗೆ ನೋಡುವಂತೆ ನೋಡಿದರು. ಕಮಲಾಪುರವನ್ನು ಮುಟ್ಟಿದರು. ಅಲ್ಲಿ ನಿಂತು ಹಿಂದಿರುಗಿ ನೆಲವನ್ನೆಲ್ಲ ಹುಡುಕಿದರು. ಕಣ್ಣಲ್ಲಿ ಗಾಬರಿ ಕಾಣಿಸಿತು.

"ಇದರಾಗ ನಮ್ಮ ಮನಿ ಎಲ್ಲದ?"

ಅಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಕೈಕಟ್ಟಿ ನೆಟ್ಟಗೆ ನಿಂತೆ. ಉತ್ತರ ಹೇಳಿದೆ:

"ಮನಿ ಅದ ರೀ ಸರ್. ಈ ಪ್ರಮಾಣಕ್ಕ ಕಾಣೂದಿಲ್ಲ, ಅಷ್ಟ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಗಾಬರಿ ಮೆಲ್ಲಗೆ ಇಳಿಯಿತು.

"ಸರಿ ಅದ" ಎಂದರು. "ಕುಂದ್ರು."